ತೋರ್ಸೂ ಸೀರಿಗೆ ಒಂದು ಬೆಲೆ

ಸೀರೆಯನ್ನು ವೆಬ್‌ಸೈಟು ಮಾರಿತು ಎನ್ನುವುದು ನಮ್ಮ ಮನೆಯ ಅಧಿಕೃತ ಹೇಳಿಕೆ. ಇಳಕಲ್ಲಿನ ನಮ್ಮ ಅಂಗಡಿಗೆ ಬಂದ ಹಳೆಯ ಗಿರಾಕಿಗಳು ಗಾಜಿನ ಕಪಾಟಿನ ಮೇಲಿನ ಅರೆಯಲ್ಲಿ ಏನೂ ಇಲ್ಲದ್ದನ್ನು ಕಂಡು ಕೇಳಿದರೆ ಅಪ್ಪ ಹಾಗೆಯೇ ಹೇಳುತ್ತಾನೆ: "ಏನ ಮಾಡೂದ್ರಿ, ವೆಬ್‌ಸೈಟು ಮಾರಿಬಿಡ್ತು." ಗಾಳಿಗೆ ಛಾವಣಿಯ ಪತ್ರಾಸ್ ಹಾರಿಹೋಯಿತು ಎನ್ನುವ ಧಾಟಿಯಲ್ಲಿ. ಬಾದಾಮಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಕಾಕಾನ ಮಗ ಮಲ್ಲಣ್ಣ ಎದುರಿಗಿದ್ದರೆ ಒಂದು ತಿದ್ದುಪಡಿಯನ್ನೂ ಮಂಡಿಸುತ್ತಾನೆ: "ಬರೇ ವೆಬ್‌ಸೈಟು ಅನಬ್ಯಾಡ ದೊಡ್ಡಪ್ಪಾ. ನಮ್ಮ ವಕೀಲ್ತಿ ಆರಿಸಿದ ವೆಬ್‌ಸೈಟು ಅನ್ನು."

ಆ ವಕೀಲ್ತಿ ನಾನು. ಕಾನೂನು ಓದಿದವಳಲ್ಲ. ಹುನಗುಂದದಲ್ಲಿ ನಡೆದ ತಾಲೂಕು ಮಟ್ಟದ ಚರ್ಚಾಸ್ಪರ್ಧೆಯಿಂದ ಹಿಡಿದು ಬಾಗಲಕೋಟೆಯ ಕಾಲೇಜಿನವರೆಗೆ, ಪರವೋ ವಿರೋಧವೋ ಕೊಟ್ಟ ಪಕ್ಷ ಹಿಡಿದು ಗೆದ್ದು, ಮನೆಗೆ ಕಪ್ಪುಗಳನ್ನು ಹೊತ್ತು ತಂದದ್ದಕ್ಕೆ ಸಿಕ್ಕ ಬಿರುದು. ಆ ಕಪ್ಪುಗಳಲ್ಲಿ ಈಗ ಅಪ್ಪನ ಒಡಹುಟ್ಟಿದ ನೀಲವ್ವ ಅತ್ತಿ ರೇಷ್ಮೆ ನೂಲು ಸುತ್ತಿದ ಕಂಡಿಕೆಗಳನ್ನು ಇಡುತ್ತಾಳೆ. ಅವುಗಳಿಂದ ಆದ ಒಂದೇ ಉಪಯೋಗ ಅದು.

ವೆಬ್‌ಸೈಟು ಮಾರಿತು ಎಂಬ ಮಾತನ್ನು ನಾನೂ ಒಂದು ವರ್ಷ ಒಪ್ಪಿಕೊಂಡಿದ್ದೆ. ತಲೆ ತಗ್ಗಿಸಿ ಒಪ್ಪಿಕೊಂಡಿದ್ದೆ. ಈಗ ಒಪ್ಪುವುದಿಲ್ಲ. ನೀವೇ ಹೇಳಿ, ವೆಬ್‌ಸೈಟಿಗೆ ಕೈ ಎಲ್ಲಿದೆ? ಅದು ಕಪಾಟಿನ ಬೀಗ ತೆಗೆಯುತ್ತದೆಯೇ? ಮಡಿಕೆಯೊಳಗಿನ ಒಣ ಬೇವಿನೆಲೆಗಳನ್ನು ಕೊಡವುತ್ತದೆಯೇ? ಸೀರೆ ಸುತ್ತಿದ್ದ ಹಳದಿ ಬಟ್ಟೆಯನ್ನು ಬಿಚ್ಚಿ, ನಾಲ್ಕು ಮೂಲೆ ಕೂಡಿಸಿ ಮಡಚಿ ಹಲಗೆಯ ಮೇಲೆ ಇಡುತ್ತದೆಯೇ?

ಹಳದಿ ಬಟ್ಟೆ ಎಂದೆನಲ್ಲ, ಈ ತಕರಾರನ್ನು ಮತ್ತೆ ತೆಗೆಯಲು ಅದೇ ಕಾರಣ. ಅದು ಈಗ ನನ್ನ ಬಾಗಲಕೋಟೆಯ ಕೋಣೆಯಲ್ಲಿದೆ. "ಲ್ಯಾಪ್‌ಟಾಪಿಗೆ ಧೂಳ ಕೂಡತೈತಿ, ಇದನ್ನ ಹೊಚ್ಚು" ಎಂದು ಅತ್ತಿಯೇ ಕೊಟ್ಟಳು. ಎಷ್ಟು ಒಗೆದರೂ ಮಡಿಕೆಯ ಗೆರೆಗಳು ಹೋಗಿಲ್ಲ. ಒಳಗೆ ಇಪ್ಪತ್ತು ವರ್ಷ ಇದ್ದ ಸೀರೆಯ ಅಳತೆ ಆ ಗೆರೆಗಳಲ್ಲಿ ಹಾಗೆಯೇ ಉಳಿದಿದೆ. ದಿನಾ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆಯುವ ಮೊದಲು ನಾನು ಎತ್ತಿಡುವುದು ಈ ಸಾಕ್ಷ್ಯವನ್ನು.

ಒಳಗಿದ್ದದ್ದು 'ತೋರ್ಸೂ ಸೀರಿ'. ನಮ್ಮ ಅಂಗಡಿಯಲ್ಲಿ ಅದಕ್ಕೆ ಇದ್ದದ್ದು ಇದೊಂದೇ ಹೆಸರು. ನವಿಲು ಹಸಿರು ಮೈ, ಗೋಮಿ ಎಂಬ ನಮೂನೆಯ ದಡಿ, ಕೆಂಪು ರೇಷ್ಮೆಯ ಸೆರಗು. ಇಳಕಲ್ ಸೀರೆಯ ಮರ್ಮವೆಲ್ಲ ಮೈ ಮುಗಿದು ಸೆರಗು ಶುರುವಾಗುವಲ್ಲಿ ಇದೆ. ಮೈಯ ಹಾಸಿನ, ಅಂದರೆ ಉದ್ದದ, ಎಳೆಗಳು ಬೇರೆ, ಸೆರಗಿನ ಹಾಸಿನ ಎಳೆಗಳು ಬೇರೆ. ಮಗ್ಗಕ್ಕೆ ಏರಿಸುವ ಮೊದಲು ಇದರ ಒಂದೊಂದು ಎಳೆಯನ್ನು ಅದರ ಒಂದೊಂದು ಎಳೆಗೆ ಕುಣಿಕೆ ಹಾಕಿ ಕೂಡಿಸಬೇಕು. ಅದಕ್ಕೆ ಕೊಂಡಿ ಎನ್ನುತ್ತಾರೆ. ಸಾವಿರಾರು ಕೊಂಡಿ, ಒಂದು ಸಡಿಲಾದರೂ ಸೆರಗು ಸೊಟ್ಟ. ಆ ಸೀರೆಯ ಕೊಂಡಿಗಳನ್ನೆಲ್ಲ ಅತ್ತಿ ಒಬ್ಬಳೇ ಹಾಕಿ, ತಾನೇ ಮಗ್ಗಕ್ಕಿಳಿದು ನೇಯ್ದಿದ್ದಳು. ಗಂಡ ತೀರಿಕೊಂಡು ತವರಿಗೆ ಬಂದ ವರ್ಷ ನೇಯ್ದದ್ದು ಎಂದು ಅವ್ವ ಒಮ್ಮೆ ಹೇಳಿದ್ದಳು. ಅತ್ತಿ ಹೇಳಿದ್ದಲ್ಲ.

ಗಿರಾಕಿ ಬಂದರೆ ಅತ್ತಿ ಕೈ ತೊಳೆದುಕೊಂಡು, ಅದನ್ನು ಇಳಿಸಿ, ಸೆರಗಿನ ಕಡೆಯಷ್ಟೇ ಬಿಚ್ಚಿ, ಕೊಂಡಿಯ ಗೆರೆಯ ಮೇಲೆ ಬೆರಳಾಡಿಸಿ ತೋರಿಸುತ್ತಿದ್ದಳು. "ಇದರಂಥಾದು ನೇಯಿಸ್ಕೊಡ್ತೇವ್ರಿ" ಎನ್ನುತ್ತಿದ್ದಳು. ನಾನು ಆರು ವರ್ಷದವಳಿದ್ದಾಗ ಅಂಗಡಿಯ ಗಾದಿಯ ಮೇಲೆ ಕೂತು ನನ್ನ ಜೀವನದ ಮೊದಲ ಪ್ರತಿವಾದ ಮಾಡಿದ್ದು ಇದರ ಮೇಲೆಯೇ: "ಮಾರೂದಿಲ್ಲಂದ್ರ ಅಂಗಡ್ಯಾಗ ಯಾಕ ಇಟ್ಟೀರಿ?" ಗಿರಾಕಿಗಳು ನಕ್ಕರು. ಅತ್ತಿ ನನ್ನ ಬಾಯಿಗೆ ಒಂದು ಕರದಂಟಿನ ತುಂಡು ತುರುಕಿದಳು. ಅಮೀನಗಡದ ಕರದಂಟು ಬಾಯಲ್ಲಿದ್ದರೆ ಚರ್ಚೆ ಸಾಧ್ಯವಿಲ್ಲ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ.

ಇನ್ನೊಂದು ಪದ್ಧತಿಯನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನ ಅನಾಹುತ ನಿಮಗೆ ಹುಚ್ಚುತನವಾಗಿ ಕಾಣುತ್ತದೆ. ನಮ್ಮ ಅಂಗಡಿಯಲ್ಲಿ ಗಿರಾಕಿಗೆ 'ಇಲ್ಲ' ಎನ್ನುವಂತಿಲ್ಲ. ಮನೆಯಲ್ಲಿ ಅಕ್ಕಿ ತೀರಿದರೂ 'ಹೆಚ್ಚಾಗೇತಿ' ಎನ್ನುವ ಜನ ನಾವು; ಅಂಗಡಿ ಬಾಗಿಲಲ್ಲಿ ಲಕ್ಷ್ಮಿ ನಿಂತಿರುವಾಗ 'ಇಲ್ಲ', 'ಕೊಡೂದಿಲ್ಲ' ಎಂದು ಹೇಗೆ ಹೇಳುವುದು? ಹಾಗಾಗಿ ಯಾರಾದರೂ "ಇದನ್ನ ಕೊಟ್ಟುಬಿಡ್ರಲಾ ಅಕ್ಕಾರ" ಎಂದು ಹಟ ಹಿಡಿದರೆ ಅತ್ತಿ ಒಂದು ಬೆಲೆ ಹೇಳುತ್ತಿದ್ದಳು. ಅಂಥಿಂಥ ಬೆಲೆಯಲ್ಲ. ಕೇಳಿದವರು ಮೊದಲು ಬೆಚ್ಚಿ, ಆಮೇಲೆ ಅತ್ತಿಯ ಮುಖ ನೋಡಿ, ಆಮೇಲೆ ನಗುವಂಥ ಬೆಲೆ. ಅವರು ನಕ್ಕರೆ ಅತ್ತಿಯೂ ನಗುತ್ತಿದ್ದಳು. ಎರಡೂ ಕಡೆಯವರಿಗೆ ಅರ್ಥವಾಯಿತು ಎಂದು ಲೆಕ್ಕ. ಯಾರ ಮನಸ್ಸೂ ಮುರಿಯದೆ ಸೀರೆ ಮತ್ತೆ ಹಳದಿ ಬಟ್ಟೆಯೊಳಗೆ ಸೇರುತ್ತಿತ್ತು.

ಮೂರು ವರ್ಷದ ಹಿಂದೆ ಅತ್ತಿಯ ಬೆರಳ ಗಂಟುಗಳು ಊದಿಕೊಂಡವು. ಕೊಂಡಿ ಹಾಕುವುದು ನಿಂತಿತು. ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಯ ಮೇಲೆ ಹಲಗೆ ಮುಚ್ಚಿದರು. ಅತ್ತಿ ದಿನವಿಡೀ ಅಂಗಡಿಯಲ್ಲಿ ಕೂಡತೊಡಗಿದಳು. ಬೇರೆ ನೇಕಾರರು ನೇಯ್ದುಕೊಟ್ಟ ಸೀರೆ ಬರುತ್ತಿತ್ತು, ಚೆನ್ನಾಗಿಯೇ ಇರುತ್ತಿತ್ತು. ಆದರೆ "ಇದರಂಥಾದು" ಎನ್ನುವಾಗ ಅತ್ತಿಯ ದನಿ ಮೊದಲಿಗಿಂತ ಸಣ್ಣದಾಗಿರುತ್ತಿತ್ತು. ಇದನ್ನು ನಾನು ಆಗ ಗಮನಿಸಿರಲಿಲ್ಲ. ಈಗ ಗಮನಿಸಿದ್ದೆ ಎಂದು ಬರೆದರೆ ಅದು ಮೋಸ.

ವೆಬ್‌ಸೈಟು ಬೇಕು ಎಂದು ಮೊದಲು ಹೇಳಿದವನು ಅಪ್ಪ. ಪಕ್ಕದ ಓಣಿಯವರು ಮಾಡಿಸಿದ್ದರು, ಅಷ್ಟೇ ಕಾರಣ. ಯಾವುದರಲ್ಲಿ ಕಟ್ಟುವುದು ಎಂಬಲ್ಲಿ ಜಗಳ ಶುರುವಾಯಿತು. ಮಲ್ಲಣ್ಣ ಬಾದಾಮಿಯ ಒಂದು ಲಾಡ್ಜಿಗೆ ವೆಬ್‌ಸೈಟು ಮಾಡಿಕೊಟ್ಟು ಅರ್ಧ ಪಂಡಿತನಾಗಿದ್ದ. ಅವನದು ಸ್ವಂತ ಮನೆ ಪಕ್ಷ: ಜಾಗ ನಾವೇ ಹಿಡಿದು, ಪುಕ್ಕಟೆ ಸಿಗುವ ಸಾಮಾನು ತಂದು, ನಮಗೆ ಬೇಕಾದಂತೆ ಕಟ್ಟಿಕೊಳ್ಳುವುದು. ನನ್ನದು ಬಾಡಿಗೆ ಮನೆ ಪಕ್ಷ: ತಿಂಗಳಿಗಿಷ್ಟು ಎಂದು ಕೊಟ್ಟರೆ ಗೋಡೆ, ಬಾಗಿಲು, ಬೀಗ, ಹಣ ಪಡೆಯುವ ವ್ಯವಸ್ಥೆ ಎಲ್ಲ ಸಿದ್ಧವಿರುವ ಜಾಗ.

ಒಂದು ಭಾನುವಾರ ಮಧ್ಯಾಹ್ನ ಅಂಗಡಿಯ ಗಾದಿಯ ಮೇಲೆಯೇ ಚರ್ಚೆ ಇಟ್ಟುಕೊಂಡೆವು. ಅಪ್ಪ, ಅವ್ವ, ಅತ್ತಿ ನಿರ್ಣಾಯಕರು. ಅತ್ತಿ ಹಣದ ಗಲ್ಲೆಯ ಪಕ್ಕ ಕೂತು ಎಳೆ ಬಿಡಿಸುತ್ತಿದ್ದಳು.

"ಬಾಡಗಿ ಮನ್ಯಾಗ ಗ್ವಾಡಿಗೆ ಒಂದ ಮೊಳಿ ಹೊಡಿಯಾಕ ಸೈತ ಮಾಲಕನ್ನ ಕೇಳಬೇಕ ತಂಗಿ" ಎಂದ ಮಲ್ಲಣ್ಣ.

"ಸ್ವಂತ ಮನಿ ಮಾಳಗಿ ಸೋರಿದ್ರ ಯಾರ ಹತ್ತತಾರ? ನೀ ಬಾದಾಮಿಯಿಂದ ಮಣ್ಣ ಹೊತ್ಕೊಂಡ ಬರ್ತಿ?"

"ಬರ್ತೇನಿ. ಯಾಕ ಬರೂದಿಲ್ಲ?"

"ಲಾಡ್ಜಿನ ವೆಬ್‌ಸೈಟು ಬಂದ್ ಬಿದ್ದ ಎಷ್ಟ ದಿನಾತು ಮಲ್ಲಣ್ಣಾ?"

ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಮಲ್ಲಣ್ಣ ಕೆಂಪಾದ. ಆದರೆ ಅವನು ಸುಮ್ಮನೆ ಸೋಲುವವನಲ್ಲ. ತನ್ನ ದೊಡ್ಡ ಅಸ್ತ್ರ ತೆಗೆದ. "ನೀ ಹೇಳೂದ್ರಾಗ ಪ್ರತಿಯೊಂದ ಫೋಟೋಕ್ಕೂ ಬೆಲಿ ಹಾಕಬೇಕು. ಬೆಲಿ ಇಲ್ಲದ್ದು ಅದರಾಗ ಕೂಡೂದs ಇಲ್ಲ. ನಂದ್ರಾಗ ಹಂಗಿಲ್ಲ. ಅತ್ತಿ ತೋರ್ಸೂ ಸೀರಿ ಐತೆಲ್ಲ, ಅದನ್ನ ಬರೇ ತೋರ್ಸಾಕ ಇಡಬಹುದು. 'ಇದರಂಥಾದು ನೇಯಿಸ್ಕೊಡ್ತೇವಿ' ಅಂತ ಕೆಳಗ ಬರದ್ರ ಆತು."

ಅತ್ತಿಯ ಕೈ ನಿಂತಿತು. ಒಳ್ಳೆಯ ವಾದ. ನಿರ್ಣಾಯಕರು ವಾಲುತ್ತಿದ್ದಾರೆಂದು ನನಗೆ ಗೊತ್ತಾಯಿತು. ಚರ್ಚಾಪಟುವಿಗೆ ಆ ಕ್ಷಣದಲ್ಲಿ ಒಂದು ವಾಸನೆ ಬರುತ್ತದೆ, ಸೋಲಿನದು. ಆಗ ಅವಳು ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾಳೆ. ನಾನು ಎದ್ದು ನಿಂತು ಹೇಳಿದೆ: "ಮಾರಲಾರದ್ದು ಅಂಗಡ್ಯಾಗ ಇದ್ರ ಅದು ಮಾಲಲ್ಲ ಮಲ್ಲಣ್ಣಾ. ತೀರಿಕೊಂಡವರ ಫೋಟೋಕ್ಕ ಹಾರ ಹಾಕಿ ಗ್ವಾಡಿಗೆ ತೂಗ ಹಾಕಿದಂಗ. ಅದನ್ನ ನೋಡಾಕ ಯಾರ ಬರ್ತಾರ? ನಮಗ ಬೇಕಾಗಿದ್ದು ಅಂಗಡಿ!"

ಅಪ್ಪ "ಭಲೇ" ಎಂದ. ಅವ್ವ ನಕ್ಕಳು. ಅತ್ತಿ ಚಪ್ಪಾಳೆ ತಟ್ಟಿದಳು. ಊದಿದ ಬೆರಳುಗಳ ಚಪ್ಪಾಳೆಗೆ ಹೆಚ್ಚು ಸದ್ದು ಬರುವುದಿಲ್ಲ. "ಗೆದ್ದಿ ಯವ್ವಾ ನೀ" ಎಂದು ಮತ್ತೆ ಎಳೆ ಬಿಡಿಸಲು ಕೂತಳು. ಬಾಡಿಗೆ ಮನೆ ಪಕ್ಷ ಗೆದ್ದಿತು.

ಗೆದ್ದ ಮೇಲೆ ಮಾಡಿದ್ದೇನು ಗೊತ್ತೇ? ಅಂಗಡಿಯಲ್ಲಿದ್ದ ನಲವತ್ತು ಸೀರೆಗಳ ಫೋಟೋ ತೆಗೆದೆ. ಪರದೆಯ ಮೇಲೆ ಎಲ್ಲವೂ ಒಂದರಂತೆ ಒಂದು ಸಪ್ಪೆ. ಕೊನೆಗೆ ನಾಚಿಕೆ ಬಿಟ್ಟು "ಅತ್ತಿ, ಆ ಸೀರಿ ಒಂದ ಸಲ ಬಿಚ್ಚ" ಎಂದೆ. ಕಿಟಕಿಯ ಬೆಳಕಿನಲ್ಲಿ ಕೊಂಡಿಯ ಗೆರೆ ಮಿಂಚಿತು. ಮುಖಪುಟಕ್ಕೆ ಅದೇ ಫೋಟೋ. ಬಾಡಿಗೆ ಮನೆ ಬೆಲೆ ಕೇಳಿತು. ಖಾಲಿ ಬಿಟ್ಟರೆ ಕೆಂಪಕ್ಷರದಲ್ಲಿ ಬಯ್ಯಿತು. ನನಗೆ ಹೊಳೆದದ್ದು ಅತ್ತಿಯ ಪದ್ಧತಿ. ನಗುವಂಥ ಆ ಬೆಲೆಯನ್ನೇ ಹಾಕಿದೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿದೆ. ಗಿರಾಕಿ ಎದುರಿಗೆ ಕೂತಿದ್ದಾಗ ಮಾತ್ರ ನಗುತ್ತಾನೆ, ಅತ್ತಿಯ ಮುಖ ಕಂಡಾಗ ಮಾತ್ರ ಅವನಿಗೆ ಆ ಬೆಲೆಯ ಅರ್ಥ ತಿಳಿಯುತ್ತದೆ ಎಂಬ ಇಷ್ಟು ಸಣ್ಣ ಸಂಗತಿ, ಮೂರು ಸುತ್ತಿನ ಚರ್ಚೆ ಗೆದ್ದವಳ ತಲೆಗೆ ಹೋಗಲಿಲ್ಲ.

ಆರಿಸಿದ್ದು ಅತಿ ಕಡಿಮೆ ಬಾಡಿಗೆಯ ಯೋಜನೆ. ಅದರಲ್ಲಿ ಒಬ್ಬರಿಗಷ್ಟೇ ಪ್ರವೇಶ. ದಿನವಿಡೀ ಅಂಗಡಿಯಲ್ಲಿ ಇರುವವಳು ಅತ್ತಿಯಾದ್ದರಿಂದ ಖಾತೆ ಅವಳ ಹೆಸರಿಗೆ, ಒಟಿಪಿ ಅವಳ ಫೋನಿಗೆ. "ಆರ್ಡರ್ ಬಂದ್ರ ಎರಡ ಗುಂಡಿ ಬರ್ತಾವ ಅತ್ತಿ. ಹಸರ ಅಂದ್ರ ಒಪ್ಪಿಗಿ, ಕೆಂಪ ಅಂದ್ರ ಬ್ಯಾಡ" ಎಂದು ಕಲಿಸಿಕೊಟ್ಟೆ. "ಇದಕ್ಕ ಬ್ಯಾಡ ಅನಬಹುದೇನ?" ಎಂದು ಅತ್ತಿ ಆಶ್ಚರ್ಯಪಟ್ಟಿದ್ದಳು. ಆಮೇಲೆ ಅವಳಿಗೆ ಕಷ್ಟವಾದೀತೆಂದು ಬಾಗಲಕೋಟೆಯಲ್ಲಿ ಕೂತು, ಫೋನಿನಲ್ಲಿ ಅವಳಿಂದ ಒಟಿಪಿ ಕೇಳಿ ಒಳಹೊಕ್ಕು, ಆರ್ಡರುಗಳನ್ನು ಯಂತ್ರವೇ ತಾನಾಗಿ ಒಪ್ಪಿಕೊಳ್ಳುವ ಹಾಗೆ ಒಂದು ಸ್ವಿಚ್ಚು ಬದಲಿಸಿದೆ. ಬದಲಿಸಿದೆ ಎಂದುಕೊಂಡು ಅವಳಿಗೂ ಹಾಗೆಯೇ ಹೇಳಿದೆ.

ಆ ದಿನ ಅಮಾವಾಸ್ಯೆ. ಬಾಗಲಕೋಟೆ ಬಸ್‌ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ ಗೆಳತಿಗೆ ನಮ್ಮ ವೆಬ್‌ಸೈಟು ತೋರಿಸಿ ಜಂಬ ಕೊಚ್ಚಲು ಫೋನು ತೆಗೆದೆ. ಮುಖಪುಟದ ನವಿಲು ಹಸಿರಿನ ಮೇಲೆ ಓರೆಯಾಗಿ ಒಂದು ಪಟ್ಟಿ: ಮಾರಾಟವಾಗಿದೆ.

"ನಿಮ್ಮ ಸೀರಿ ಹೋತಲೇ! ಪಾರ್ಟಿ ಕೊಡಸs" ಎಂದಳು ಗೆಳತಿ.

ಕೊರಿಯರಿನವನು ಅಂಗಡಿಗೆ ಬರುವುದು ಮೂರಕ್ಕೆ. ಅವನ ಚೀಲಕ್ಕೆ ಬೀಳುವವರೆಗೂ ರದ್ದು ಮಾಡಬಹುದು. ಗಡಿಯಾರ ನೋಡಿದೆ, ಹನ್ನೆರಡೂವರೆ. ಅತ್ತಿಗೆ ಫೋನು ಹಚ್ಚಿದೆ. ರಿಂಗಾಯಿತು, ಎತ್ತಲಿಲ್ಲ. ಅಪ್ಪ, ಅವ್ವ ಇಬ್ಬರೂ ಗುಡೂರಿಗೆ ಬಸುರಿಯೊಬ್ಬಳ ಕುಬಸದ ಊಟಕ್ಕೆ ಹೋಗಿದ್ದರು. ಅಪ್ಪನಿಗೆ ಹಚ್ಚಿದೆ. ರಿಂಗಾಯಿತು, ಎತ್ತಲಿಲ್ಲ. ಫೋನನ್ನು ಅಂಗಡಿಯ ಗಲ್ಲೆಯಲ್ಲೇ ಮರೆತಿದ್ದನಂತೆ, ಆಮೇಲೆ ತಿಳಿಯಿತು. ಓಡಿ ಹೋಗಿ ಇಳಕಲ್ ಬಸ್ಸು ಹತ್ತಿದೆ. ಅಮಾವಾಸ್ಯೆಗೆ ದೇವರಿಗೆ ಹೊರಟವರ ಗದ್ದಲ. ನಿಲ್ಲಲೂ ಜಾಗವಿಲ್ಲ. ಒಂದು ಕೈ ಕಂಬಿಗೆ, ಒಂದು ಕೈ ಕಿವಿಗೆ. ಮಲ್ಲಣ್ಣನಿಗೆ ಹಚ್ಚಿದೆ.

"ನೀ ಹೆಂಗರ ಮಾಡಿ ಒಳಗ ಹೋಗಿ ರದ್ದ ಮಾಡ ಮಲ್ಲಣ್ಣಾ, ನಿನ್ನ ಕಾಲ ಬೀಳ್ತೇನಿ."

"ಒಟಿಪಿ ಎಲ್ಲಿ ಬರತೈತಿ?"

"ಅತ್ತಿ ಫೋನಿಗೆ."

"ಅತ್ತಿ ಫೋನ ಎತ್ತೂದಿಲ್ಲ. ಅಂದ್ರ ಬಾಡಗಿ ಮನಿ ಕೀಲಿ ಮನಿ ಒಳಗs ಉಳದೈತಿ ಅನ್ನು." ಆಮೇಲೆ ದನಿ ಬದಲಿಸಿ ಕೇಳಿದ: "ತೋರ್ಸೂ ಸೀರಿ ಏನ? ಖರೆನs ಅದs ಸೀರಿ?"

ಅಮೀನಗಡದಲ್ಲಿ ಬಸ್ಸು ನಿಂತಿತು. ಡ್ರೈವರು ಕರದಂಟು ಕೊಳ್ಳಲು ಇಳಿದ. ನನ್ನ ಕಣ್ಣೆದುರಿಗೆ ಅವನು ಎರಡು ಡಬ್ಬಿಗಳ ಅಂಟು, ಗೋಡಂಬಿ ಹೋಲಿಸಿ ನೋಡುತ್ತ ನಿಂತ. "ಲಗೂ ಬರ್ರೀ ಸರ!" ಎಂದು ಕೂಗಿದೆ. ಪಕ್ಕದಲ್ಲಿದ್ದ ಮುದುಕಿ "ದವಾಖಾನಿಗೆ ಹೊಂಟೀಯೇನ ಯವ್ವಾ?" ಎಂದು ಕನಿಕರದಿಂದ ಜರುಗಿ, ಅರ್ಧ ಸೀಟು ಕೊಟ್ಟಳು. ಹೌದು ಎಂದೆ. ಅದೊಂದು ಸುಳ್ಳು ನನ್ನ ಲೆಕ್ಕದಲ್ಲಿ ಇರಲಿ. ಹುನಗುಂದದಲ್ಲಿ ಮತ್ತೆ ಹತ್ತು ನಿಮಿಷ. ಅತ್ತಿಗೆ ಒಂಬತ್ತನೆಯ ಸಲ, ಹತ್ತನೆಯ ಸಲ. ಯಾವ ಸ್ಟ್ಯಾಂಡಿನಲ್ಲಿ ಇಳಿದು 'ಯುವಜನತೆ ಮತ್ತು ತಂತ್ರಜ್ಞಾನ'ದ ಪರವಾಗಿ ಮಾತಾಡಿ ಮೊದಲ ಕಪ್ಪು ಗೆದ್ದಿದ್ದೆನೋ ಅದೇ ಸ್ಟ್ಯಾಂಡು. ಕೈಯಲ್ಲಿದ್ದ ತಂತ್ರಜ್ಞಾನ ಸುಮ್ಮನೆ ರಿಂಗಾಗುತ್ತಿತ್ತು.

ಇಳಕಲ್ಲಿನಲ್ಲಿ ಇಳಿದು ಓಡಿದೆ. ನಮ್ಮ ಓಣಿ ಎಂದೂ ಅಷ್ಟು ಉದ್ದ ಇರಲಿಲ್ಲ. ನನ್ನ ಚಪ್ಪಲಿಯ ಸದ್ದು ಗೋಡೆಗೆ ಬಡಿದು ತಿರುಗಿ ಕೇಳುತ್ತಿತ್ತು, ಅಷ್ಟು ನಿಶ್ಶಬ್ದ. ಅಂಗಡಿಯಲ್ಲಿ ಅತ್ತಿ ಚಹಾ ಕುಡಿಯುತ್ತಿದ್ದಳು. ಕಪಾಟಿನ ಮೇಲಿನ ಅರೆ ಬರಿದು. ಹಲಗೆಯ ಮೇಲೆ ಮಡಚಿಟ್ಟ ಹಳದಿ ಬಟ್ಟೆ, ಅದರ ಪಕ್ಕ ಒಂದು ಹಿಡಿ ಬೇವಿನೆಲೆ.

"ಕೊರಿಯರ್‌ದಾಂವ ಈಗ ಹ್ವಾದ" ಎಂದಳು. "ಯಾಕ ಹಿಂಗ ತೇಕಾಕ ಹತ್ತಿ? ನೀರ ಕುಡಿ."

"ಫೋನ ಯಾಕ ಎತ್ತಲಿಲ್ಲ ಅತ್ತಿ?"

"ಬಾಜೂ ಮನಿ ಮಗ್ಗದ ಸಪ್ಪಳದಾಗ ಕೇಳಸಲಿಲ್ಲ ತಾಯಿ."

"ಆ ಸೀರಿ ಯಾಕ ಕೊಟ್ಟಿ?"

"ಮಷೀನ ಒಪ್ಪಕೊಂಡಿತ್ತಲ್ಲವಾ. ಅಂಗಡಿ ಒಪ್ಪಿದ ಮ್ಯಾಲ ಕೊಡಬೇಕಲ್ಲ."

ನನ್ನ ಸ್ವಿಚ್ಚು! ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಅತ್ತಿ ನನ್ನ ತಲೆ ಸವರಿದಳು. ಸಂಜೆ ಅಪ್ಪ ಗುಡೂರಿನಿಂದ ಬಂದವನು ಖಾಲಿ ಅರೆಯನ್ನು ಬಹಳ ಹೊತ್ತು ನೋಡಿ, ನನ್ನನ್ನು ಬಯ್ಯದೆ, ಆ ಅಧಿಕೃತ ಹೇಳಿಕೆಯನ್ನು ಮೊದಲ ಸಲ ಹೊರಡಿಸಿದ. ಆರ್ಡರು ಮಾಡಿದ್ದ ಸೊಲ್ಲಾಪುರದ ಕಡೆಯ ಗಿರಾಕಿಗೆ ಸೀರೆ ತಿರುಗಿ ಕೊಡಿರೆಂದು ಬರೆಯಲು ನಾನು ಹೊರಟಾಗ ಬೇಡವೆಂದವಳು ಅತ್ತಿ. "ಕೊಟ್ಟದ್ದನ್ನ ಕೇಳಬಾರದು." ಅಲ್ಲಿಗೆ ಆ ಮಾತು ಮುಗಿಯಿತು.

ಕಳೆದ ತಿಂಗಳು ವೆಬ್‌ಸೈಟಿನ ಬಾಡಿಗೆಯ ಕರಾರು ಹೊಸದು ಮಾಡುವ ಹೊತ್ತು ಬಂತು. ಬೇರೆ ಜಾಗಕ್ಕೆ ಹೋಗೋಣವೇ ಎಂದು ನೋಡಲು ಮಲ್ಲಣ್ಣ ಬಂದ. ಅತ್ತಿ ಅವ್ವನ ಜೊತೆ ಸಂತೆಗೆ ಹೋಗುವಾಗ ಫೋನು ಅವನ ಕೈಗೆ ಕೊಟ್ಟು ಹೋಗಿದ್ದಳು. ಒಳಹೊಕ್ಕು ಹಳೆಯ ಆರ್ಡರುಗಳನ್ನು ತಡಕುತ್ತಿದ್ದವನು ತಟ್ಟನೆ ತಮಾಷೆ ನಿಲ್ಲಿಸಿದ.

"ತಂಗಿ, ನಿನ್ನ ಸ್ವಿಚ್ಚು ಬದಲಾಗೇ ಇಲ್ಲ ನೋಡು. ಕಡೀಕ ಇನ್ನೊಂದ ಒಟಿಪಿ ಕೇಳೇತಿ, ನೀ ಹಾಕಿಲ್ಲ, ಹಂಗs ಬಿಟ್ಟೈತಿ. ಇದು ತಾನs ಒಪ್ಪೂದಲ್ಲ. ಒಂದ ದಿನ ಯಾರೂ ಮುಟ್ಟದಿದ್ರ ತಾನs ರದ್ದಾಗೂದು."

ಪರದೆಯ ಮೇಲೆ ಎಲ್ಲ ಬರೆದಿತ್ತು. ಆರ್ಡರು ಬಂದದ್ದು ಬೆಳಿಗ್ಗೆ ಹತ್ತಕ್ಕೆ; ಮಾರಾಟದ ಪಟ್ಟಿ ಬಿದ್ದದ್ದೂ ಆಗಲೇ, ಯಾರೂ ಒಪ್ಪುವ ಮೊದಲೇ. ಹಸಿರು ಗುಂಡಿ ಒತ್ತಿದ್ದು ಎರಡು ಇಪ್ಪತ್ತಕ್ಕೆ.

ನಾಲ್ಕು ತಾಸಿಗೂ ಮೇಲೆ. ಸುಮ್ಮನೆ ಕೂತಿದ್ದರೂ ಸೀರೆ ಉಳಿಯುತ್ತಿತ್ತು. ಎರಡು ಇಪ್ಪತ್ತಕ್ಕೆ ನಾನು ಹುನಗುಂದದ ಸ್ಟ್ಯಾಂಡಿನಲ್ಲಿ ಹತ್ತನೆಯ ಸಲ ಫೋನು ಹಚ್ಚುತ್ತಿದ್ದೆ. ಆ ಫೋನಿನ ಮೇಲೆಯೇ ಅತ್ತಿ ಗುಂಡಿ ಒತ್ತಿದ್ದು. ಇನ್ನು ಮಗ್ಗದ ಸಪ್ಪಳ. ಅಮಾವಾಸ್ಯೆಯ ದಿನ ನಮ್ಮ ಓಣಿಯಲ್ಲಿ ಯಾರೂ ಮಗ್ಗ ಮುಟ್ಟುವುದಿಲ್ಲ, ಪಕ್ಕದ ವಿದ್ಯುತ್ ಮಗ್ಗದವರು ಸಹ. ನನ್ನದೇ ಚಪ್ಪಲಿಯ ಸದ್ದು ಕೇಳುತ್ತ ಓಡಿ ಬಂದವಳು ನಾನು. ಎದುರಾಳಿಯ ಮಾತಿನ ಸಣ್ಣ ಬಿರುಕನ್ನೂ ಬಿಡದವಳಿಗೆ, ಇಷ್ಟು ದೊಡ್ಡ ಬಿರುಕು ಒಂದು ವರ್ಷ ಕಾಣಲಿಲ್ಲ. ತಪ್ಪು ನನ್ನದೇ ಎಂದು ಅಳುವುದರಲ್ಲಿ ಒಂದು ಸುಖವಿತ್ತೇನೋ.

"ದೊಡ್ಡಪ್ಪಗ ಹೇಳೂನೇನ?" ಎಂದ ಮಲ್ಲಣ್ಣ.

"ಬ್ಯಾಡ" ಎಂದೆ.

ನಿನ್ನೆ ಊರಿಗೆ ಹೋಗಿದ್ದೆ. ಗಿರಾಕಿಗಳು ಇರಲಿಲ್ಲ. ಅತ್ತಿ ಗಲ್ಲೆಯ ಪಕ್ಕ ಕೂತು, ನಾನು ಹುನಗುಂದದಲ್ಲಿ ಗೆದ್ದ ಕಪ್ಪಿನಿಂದ ಕಂಡಿಕೆ ತೆಗೆದು ಕೆಂಪು ರೇಷ್ಮೆಯ ಎಳೆ ಬಿಡಿಸುತ್ತಿದ್ದಳು. ಎಳೆಯ ಒಂದು ತುದಿ ಹಲ್ಲಿನ ನಡುವೆ ಇತ್ತು. ಒಳಗಿನ ಕೋಣೆಯಲ್ಲಿ ಕುಣಿಯ ಮೇಲಿನ ಹಲಗೆ ತೆಗೆದಿರಲಿಲ್ಲ. ನಾನು ಹಳದಿ ಬಟ್ಟೆಯನ್ನು ಬ್ಯಾಗಿನಿಂದ ತೆಗೆದು ಒಂದು ಗಳಿಗೆಯ ಮಟ್ಟಿಗೆ ಅವಳ ತೊಡೆಯ ಮೇಲೆ ಇಟ್ಟೆ. ಅವಳು ನನ್ನನ್ನು ನೋಡಿದಳು. ನನಗೆ ಗೊತ್ತಾಗಿದೆ ಎಂದು ಅವಳಿಗೆ ಗೊತ್ತಾಯಿತು. ಪರ, ವಿರೋಧ ಎರಡೂ ಕಡೆಯ ವಾದಗಳನ್ನು ಬಸ್ಸಿನಲ್ಲಿ ಸಿದ್ಧ ಮಾಡಿಕೊಂಡು ಬಂದಿದ್ದೆ. ಒಂದೂ ನೆನಪಾಗಲಿಲ್ಲ. ಅವಳು ಬಟ್ಟೆಯ ಮಡಿಕೆಯ ಗೆರೆಯ ಮೇಲೆ, ಆಗ ಕೊಂಡಿಯ ಮೇಲೆ ಆಡಿಸುತ್ತಿದ್ದಂತೆಯೇ, ಬೆರಳಾಡಿಸುತ್ತಿದ್ದಳು. ಹಲ್ಲಿನ ನಡುವಿನ ಎಳೆ ಬಿಡಲಿಲ್ಲ.

"ಅತ್ತಿ" ಎಂದೆ, "ಅವತ್ತ ನಾ ಹಾರ ಹಾಕಿದ ಫೋಟೋ ಅಂದ್ನೆಲ್ಲ, ಆ ಮಾತಿಗೆ ಹಸರ ಗುಂಡಿ ಒತ್ತಿದ್ಯೋ, ಇಲ್ಲಾ ಅದನ್ನ ತೋರಿಸಿ ತೋರಿಸಿ ನಿನಗs ಸಾಕಾಗಿತ್ತೋ?"